ಎಡ ಮೂಗಿನ ಹರಳು

ಹಲಸಂಗಿ,
ತಾ. ೩-೧೨-೧೯೭೭

ಚಿ. ಸೌ. ಮಹಾನಂದಾಳಿಗೆ ನಿನ್ನ ಹಡೆದವ್ವ ಸೀತವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ಪದ್ಧತಿ. ನಾನು ಹಾಗೆ ಬರೆಯುವುದಿಲ್ಲ. ಮೈಗೇನೂ ಆಗಿಲ್ಲ, ಉಂಡು ತಿಂದು ಗಟ್ಟಿಯಾಗಿದ್ದೇನೆ. ಆದರೆ ನಿನ್ನ ಪತ್ರ ಬಂದಾಗಿನಿಂದ ಹೊಟ್ಟೆಯೊಳಗಿನ ಉರಿ ಆರಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಪೆನ್ನು ಕೆಳಗಿಟ್ಟೆ. ಇಳಿಯಲಿಲ್ಲ. ಅದಕ್ಕೆ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಬಸುರಿ ಹೆಂಗಸಿಗೆ ಇಂಥ ಪತ್ರ ಬರೆಯಬಾರದು ಎಂದು ಪಕ್ಕದ ಮನೆಯ ಜೈತುನಬಿ ಹೇಳಿದಳು. ಬಸುರಿ ಹೆಂಗಸು ತನ್ನ ತಾಯಿಗೆ ಅಂಥ ಪತ್ರ ಬರೆಯಬಹುದೇನು ಎಂದು ನಾನು ಕೇಳಿದೆ. 

ನಿನ್ನ ಪತ್ರ ಇಲ್ಲಿಯೇ ನನ್ನ ಮೊಳಕಾಲ ಬಳಿ ಇದೆ. ಒಂದು ಹರಳಿನ ಸಲುವಾಗಿ ನನ್ನ ಕುಬಸದ ದಿನ, ಬಸುರಿ ಮಗಳ ಉಡಿ ತುಂಬುವ ಹೊತ್ತಿಗೆ, ನನ್ನನ್ನು ಬಿಟ್ಟು ಎದ್ದು ಹೋದೆ ಎಂದು ಬರೆದಿದ್ದೀ. ಅಪ್ಪ ತೀರಿ ನಾಲ್ಕು ವರ್ಷವಾದ ಮೇಲೆ ನಿನಗೆ ಮೂಗುಬೊಟ್ಟು ಯಾಕೆ ಬೇಕಾಯಿತು ಎಂದು ಕೇಳಿದ್ದೀ. ಅದನ್ನು ತೆಗೆಯುವ ತನಕ ಬಾಣಂತನಕ್ಕೆ ನನ್ನನ್ನು ಹಲಸಂಗಿಗೆ ಕಳಿಸುವುದಿಲ್ಲವೆಂದು ಮಾವನವರು ಹೇಳಿದ್ದಾರೆ, ಅತ್ತೆಯವರಂತೂ ನಿನ್ನ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾರೆ, ನಾನು ಬೇಕೋ ಅದು ಬೇಕೋ ನೀನೇ ಹೇಳು ಎಂದು ಕೊನೆಗೆ ಬರೆದಿದ್ದೀ. ಅಕ್ಷರ ಮಾತ್ರ ಚೆಂದ ಬರೆದಿದ್ದೀ. ಆ ಅಕ್ಷರ ನಿನಗೆ ಕಲಿಸಿದವಳು ನಾನು.

ಯಾಕೆ ಬೇಕಾಯಿತು ಎಂದು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಆದರೆ ಮೊದಲಿನಿಂದ ಹೇಳುತ್ತೇನೆ, ನಡುವಿನಿಂದ ಅಲ್ಲ. ನಿನಗೆ ಗೊತ್ತಿದೆ ಎಂದು ನೀನು ತಿಳಿದುಕೊಂಡದ್ದರಲ್ಲಿ ಅರ್ಧ ನಿನಗೆ ಗೊತ್ತಿಲ್ಲ.

ನನ್ನ ಮೂಗಿಗೆ ಮೊದಲು ತೂತು ಬಿದ್ದದ್ದು ನನ್ನ ಮದುವೆ ಗೊತ್ತಾದ ಮೇಲೆ. ದೇವಣಗಾಂವದ ನನ್ನ ತವರಿನಲ್ಲಿ ಸಣ್ಣ ಹುಡುಗಿಯರ ಕಿವಿ ಚುಚ್ಚಿಸುತ್ತಿದ್ದರು, ಮೂಗನ್ನು ಗಂಡನ ಮನೆಯವರ ರೂಢಿಗೆ ಬಿಡುತ್ತಿದ್ದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕುಳಿತಿದ್ದೆ. ನನ್ನ ಅತ್ತೆ, ಅಂದರೆ ನಿನ್ನ ಅಜ್ಜಿ, ಏಳು ಹರಳಿನ ಮೂಗುಬೊಟ್ಟನ್ನು ಮೊದಲೇ ಮಾಡಿಸಿಟ್ಟಿದ್ದಳು. ಅವರಲ್ಲಿ ಬಲ ಮೂಗಿಗೆ. ನಾನು ನನ್ನ ಅವ್ವನಿಗೆ ಮೆಲ್ಲಗೆ ಹೇಳಿದೆ: "ಯವ್ವಾ, ಅದು ಭಾಳ ದೊಡ್ಡದ ಐತಿ. ನನಗ ಸಣ್ಣದು ಸಾಕು." ನನ್ನ ಅವ್ವ ಬೈಯಲಿಲ್ಲ, ನಕ್ಕಳು. "ಮೂಗ ಅವರ ಮನೀಗಿ ಹೊಂಟೈತಿ. ಅವರು ಹಾಕಿದ್ದು ಹಾಕ್ಕೋಬೇಕು," ಅಂದಳು.

ನನ್ನ ಮುಖ ಉದ್ದ, ಮೂಗು ಸಪೂರ. ನೀನು ನೋಡಿಯೇ ಇದ್ದೀ. ಆ ಏಳು ಹರಳು ನನ್ನ ಮೂಗಿನ ಒಂದು ಮಗ್ಗುಲನ್ನು ಪೂರಾ ನುಂಗಿಬಿಟ್ಟಿತ್ತು. ಕನ್ನಡಿ ನೋಡಿದರೆ ಮೊದಲು ಹರಳು ಕಾಣುತ್ತಿತ್ತು, ಅದರ ಹಿಂದೆ ನಾನು ಕಾಣುತ್ತಿದ್ದೆ. ನೆಗಡಿಯಾದರೆ ಅದರ ಸುತ್ತ ಕೆಂಪಗೆ ಬಾತು ನೀರು ಮುಟ್ಟಿಸಲಾಗುತ್ತಿರಲಿಲ್ಲ. ನಿನ್ನ ಅಪ್ಪ ಒಳ್ಳೆಯ ಮನುಷ್ಯ. ಆದರೆ ಅದು ನನಗೆ ಒಪ್ಪುತ್ತದೆಂದೂ ಹೇಳಲಿಲ್ಲ, ಒಪ್ಪುವುದಿಲ್ಲವೆಂದೂ ಹೇಳಲಿಲ್ಲ. ಮನೆಯ ಜಂತಿಯನ್ನು ಯಾರಾದರೂ ಚೆಂದ ಇದೆ ಎನ್ನುತ್ತಾರೇನು, ಹಾಗೆ. ನಾನೂ ಅದರ ಬಗ್ಗೆ ಯೋಚಿಸುವುದನ್ನು ಬಿಟ್ಟೆ. ನೀನು ಹುಟ್ಟಿದೆ, ಬೆಳೆದೆ, ನಿನ್ನ ಜಡೆ ಹೆಣೆಯುತ್ತ ನನ್ನ ಮುಖ ನನಗೇ ಮರೆತುಹೋಯಿತು.

ಆಮೇಲೆ ನಿನ್ನ ಅಪ್ಪ ಹೋದ ದಿನ. ನೀನು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ, ನೀನು ನೋಡಲಿಲ್ಲ. ನೋಡದ್ದೇ ಒಳ್ಳೆಯದಾಯಿತು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಈಗ ನೋಡಿದ್ದರೆ ಚಲೋ ಇತ್ತು ಅನ್ನಿಸುತ್ತದೆ. ಬಳೆ ಒಡೆದರು. ತಾಳಿ ಬಿಚ್ಚಿದರು. ಮೂಗುಬೊಟ್ಟಿನ ತಿರುಪು ಬಿಚ್ಚಲಿಲ್ಲ, ಅಷ್ಟು ವರ್ಷ ಒಳಗೇ ಕೂತು ಹಿಡಿದುಬಿಟ್ಟಿತ್ತು. ಸೋಪು ಹಚ್ಚಿ ಮೆಲ್ಲಗೆ ತೆಗೆದರೆ ಬರುತ್ತಿತ್ತು. ನಿನ್ನ ದೊಡ್ಡವ್ವನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಹೆಣ ಎತ್ತುವ ಹೊತ್ತಾಯಿತು ಎಂದು ಹೊರಗಿನಿಂದ ನಿನ್ನ ದೊಡ್ಡಪ್ಪ ಶಂಕರೆಪ್ಪ ಕೂಗುತ್ತಿದ್ದ. ಅವಳು ಇಕ್ಕಳ ತರಿಸಿದಳು. ಇಬ್ಬರು ನನ್ನ ತಲೆ ಹಿಡಿದುಕೊಂಡರು. ಜಗ್ಗಿದ ಹೊಡೆತಕ್ಕೆ ಮೂಗು ಹರಿದು ರಕ್ತ ತೊಟ್ಟ ಕುಬಸದ ಮೇಲೆ ಇಳಿಯಿತು. ನಾನು ನೋವಿಗೆ ಚೀರಿದೆ. ಆಗ ನಿನ್ನ ದೊಡ್ಡವ್ವ ಅಂದ ಮಾತನ್ನು ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. "ಮೂಗಿಗೆ ಅಳಬ್ಯಾಡ. ಗಂಡಗ ಅಳು," ಅಂದಳು.

ಮಹಾನಂದಾ, ನಾನು ನಿನ್ನ ಅಪ್ಪನಿಗಾಗಿ ಅತ್ತಿದ್ದೇನೆ. ಅದರ ಸಾಕ್ಷಿ ಯಾರಿಗೂ ಕೊಡಬೇಕಾಗಿಲ್ಲ. ಆದರೆ ನನ್ನ ಮೂಗು ಹರಿದಾಗ ನನ್ನ ಮೂಗಿಗಾಗಿಯೂ ಅಳುವ ಹಕ್ಕು ನನಗಿತ್ತು.

ಗಾಯ ಮಾಯಿತು, ಬಲ ಮಗ್ಗುಲಲ್ಲಿ ಒಂದು ಗಂಟು ಉಳಿಯಿತು. ಬಾಲವಾಡಿಯ ಕೆಲಸ ಸಿಕ್ಕಿತು. ನಿನ್ನ ಮದುವೆ ಮಾಡಿದೆ. ನಾನೇನೂ ಮೂಗಿನ ಗುಂಗಿನಲ್ಲಿ ಕೂತಿರಲಿಲ್ಲ. ಬಾಲವಾಡಿಯ ಮಕ್ಕಳಿಗೆ ಹಾಡು ಹೇಳಿಕೊಡುವುದು, ಉಪ್ಪಿಟ್ಟು ತಿನ್ನಿಸುವುದು, ಮನೆಗೆ ಬಂದು ರೊಟ್ಟಿ ಬಡಿಯುವುದು. ಹೀಗೇ ನಡೆದಿದ್ದರೆ ನಡೆದುಹೋಗುತ್ತಿತ್ತು.

ಈ ವರ್ಷ ಶ್ರಾವಣದಲ್ಲಿ ನಿನ್ನ ದೊಡ್ಡಪ್ಪನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದರು. ನಾನು ಎಂದಿನಂತೆ ಒಳಗೆ ಒಲೆಯ ಮುಂದೆ ಕುಳಿತಿದ್ದೆ. ಅವನ ಸೊಸೆ ಕೂಸನ್ನು ಎತ್ತಿಕೊಂಡು ನೀರು ಬೇಡುತ್ತ ಬಂದಳು. ಬಗ್ಗಿ ತಂಬಿಗೆ ತೆಗೆದುಕೊಳ್ಳುವಾಗ ಅವಳ ಮೂಗು ನನ್ನ ಕಣ್ಣೆದುರಿಗೆ ಬಂತು. ಏಳು ಹರಳು. ಕೆಳಗಿನ ಹರಳಿನ ಅಂಚು ಸ್ವಲ್ಪ ಒಡೆದದ್ದು. ಅದನ್ನು ಒಡೆದವಳು ನೀನೇ, ಕೂಸಿದ್ದಾಗ ಹಿತ್ತಾಳೆ ಗಿಲಕಿಯಿಂದ ನನ್ನ ಮುಖಕ್ಕೆ ಬಡಿದಿದ್ದೆ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಪಾಪ, ಆ ಹುಡುಗಿಗೆ ಏನೂ ಗೊತ್ತಿಲ್ಲ. ನಾನು ನಿನ್ನ ದೊಡ್ಡವ್ವನನ್ನು ಹಿತ್ತಲಿಗೆ ಕರೆದು ಕೇಳಿದೆ.

"ಅಕ್ಕಾ, ಆ ಮೂಗುಬೊಟ್ಟ ನಂದಲ್ಲ?"

"ಹೌದು. ಏನಾತೀಗ? ಪೆಟ್ಟಿಗ್ಯಾಗ ಇಟ್ಟು ಪೂಜಿ ಮಾಡಬೇಕಿತ್ತೇನ?"

"ಗಂಡ ಸತ್ತಾಕಿ ಮೂಗಿನ್ಯಾಗಿದ್ದು ಹೊಸ ಸೊಸಿಗಿ ಹೆಂಗ ನಡೀತೈತಿ?"

"ಬಂಗಾರಕ್ಕೇನ ಮೈಲಿಗಿ? ತೊಳದರ ಮುಗೀತು."

ನನಗೆ ಆ ಹೊತ್ತು ಸಿಟ್ಟು ಬಂದದ್ದು ಬಂಗಾರಕ್ಕಲ್ಲ, ಇದನ್ನು ಚೆನ್ನಾಗಿ ತಿಳಿದುಕೋ. ಅದನ್ನು ತಿರುಗಿ ಕೊಡು ಎಂದು ನಾನು ಕೇಳಲೂ ಇಲ್ಲ, ಕೇಳುವುದೂ ಇಲ್ಲ. ಅದು ನಾನು ಆರಿಸಿಕೊಂಡದ್ದಲ್ಲ, ನನಗೆ ಒಪ್ಪಿದ್ದೂ ಅಲ್ಲ. ಆದರೆ ಅವಳ ಮಾತು ನೋಡು. ತೊಳೆದರೆ ಬಂಗಾರದ ಮೈಲಿಗೆ ಹೋಗುತ್ತದೆ. ಹರಳಿನದು ಹೋಗುತ್ತದೆ. ಇಕ್ಕಳದ್ದೂ ಹೋಗಿರಬೇಕು, ಅದು ಈಗಲೂ ಅವರ ಚಕ್ಕಡಿಯ ಕೆಲಸಕ್ಕೆ ಬರುತ್ತದೆ. ಎಷ್ಟು ತೊಳೆದರೂ ಮೈಲಿಗೆ ಹೋಗದೆ ಉಳಿದದ್ದು ನನ್ನ ಮೂಗು ಒಂದೇ. ಇದು ಯಾವ ನ್ಯಾಯ? ಯಾವ ಶರಣರು ಇದನ್ನು ಹೇಳಿದರು?

ತೊಟ್ಟಿಲ ಊಟ ಉಣ್ಣದೆ ಜೈತುನಬಿಯ ಮನೆಗೆ ಹೋದೆ. ಅವಳು ಹೊಲಿಗೆ ಮಷಿನ್ನಿನ ಮುಂದೆ ಇದ್ದಳು. ನೀನು ಸಾಲಿಗೆ ಹಾಕಿಕೊಂಡು ಹೋದ ಕುಬಸಗಳೆಲ್ಲ ಅವಳು ಹೊಲಿದವೇ. ಎಲ್ಲವನ್ನೂ ಹೇಳಿದೆ. ಅವಳು ದಾರ ಕಡಿದು, ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಸೀತಕ್ಕಾ, ನಿನಗ ಬೇಕನಸ್ತದೇನ, ಇಲ್ಲಾ ಅವರ ಮ್ಯಾಲಿನ ಸಿಟ್ಟಿಗಿ ಹಾಕ್ಕೋತಿ? ಸಿಟ್ಟಿಗಿ ಬ್ಯಾಡ ಮತ್ತ. ಸಿಟ್ಟ ಹೋಗತೈತಿ, ತೂತ ಉಳೀತೈತಿ," ಅಂದಳು.

ಅದಕ್ಕೇ ನಾನು ಕಾದೆ. ಮೂರು ವಾರ ಯಾರಿಗೂ ಏನೂ ಹೇಳದೆ ದಿನಾ ಮುಂಜಾನೆ ತಲೆ ಬಾಚುವಾಗ ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿಕೊಂಡೆ. ಹಣೆ ನೋಡಿದೆ, ಗದ್ದ ನೋಡಿದೆ. ಕಿವಿಯ ಮೇಲಂಚಿಗೆ ಬುಗಡಿ ಚುಚ್ಚಿಸಿದರೆ ಹೇಗೆ ಎಂದೂ ಯೋಚಿಸಿದೆ, ಸೆರಗು ಹೊದ್ದರೆ ಯಾರಿಗೂ ಕಾಣುವುದಿಲ್ಲ, ಜಗಳವೇ ಇಲ್ಲ. ಹಾಗೆ ಯೋಚಿಸಿದ್ದಕ್ಕೆ ನನಗೇ ನಗು ಬಂತು. ನನ್ನ ಕಿವಿಗೆ ಏನೂ ಕೊರತೆ ಅನ್ನಿಸಿರಲಿಲ್ಲ. ಬೇಕು ಅನ್ನಿಸಿದ್ದು ಮೂಗಿಗೆ. ಅದೂ ಸಣ್ಣದು. ಮದುವೆಗೆ ಮೊದಲು ಬೇಕು ಅನ್ನಿಸಿದ್ದಂಥದೇ.

ಇಂಡಿಗೆ ಇಬ್ಬರೂ ಟೆಂಪೋದಲ್ಲಿ ಹೋದೆವು. ಬಂಗಾರದ ಕೆಲಸದ ಪತ್ತಾರರ ಅಂಗಡಿಯಲ್ಲಿ ಆ ಮನುಷ್ಯ ನನ್ನ ಬರಿ ಹಣೆ ನೋಡಿದ, ಬರಿ ಕೈ ನೋಡಿದ. "ಮಗಳಿಗೇನ್ರಿ?" ಅಂದ. "ಅಲ್ಲ, ನನಗ," ಅಂದೆ. ಕುಲುಮೆಯ ಕಡೆ ತಿರುಗಿ ಊದಿದ. ಊದುತ್ತಲೇ, "ಮನಿ ಗಂಡಸರು ಯಾರೂ ಬಂದಿಲ್ಲೇನ್ರಿ ಕೂಡ?" ಎಂದು ಕೇಳಿದ.  ಜೈತುನಬಿ ನನಗಿಂತ ಮೊದಲು ಬಾಯಿ ತೆರೆದಳು. "ಮೂಗು ಈಕೀದ ಐತ್ರಿ. ಗಂಡಸರ ಕರಕೊಂಡ ಬಂದು ಏನ ಮಾಡೂದೈತಿ?" ಅಂದಳು. ಅಂಗಡಿಯಲ್ಲಿ ಕುಳಿತಿದ್ದ ಇನ್ನಿಬ್ಬರು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಪತ್ತಾರನೂ ನಕ್ಕು ತಟ್ಟೆ ಮುಂದಿಟ್ಟ.

ಮಹಾನಂದಾ, ನಿನಗೆ ಸಿಟ್ಟು ಬಂದರೂ ಬರಲಿ, ಇದನ್ನು ಬರೆದೇ ಬರೆಯುತ್ತೇನೆ. ಆ ಹೊತ್ತು ನನಗೆ ಸಂತೋಷವಾಗಿತ್ತು. ತಟ್ಟೆಯಲ್ಲಿ ಮುತ್ತಿನ ನತ್ತು ಇತ್ತು, ಮೂಗಿಗೆ ಹಿಡಿದು ನೋಡಿದೆ. ನನ್ನ ಉದ್ದ ಮುಖಕ್ಕೆ ಅದು ಇನ್ನಷ್ಟು ಉದ್ದ ಕೊಟ್ಟಿತು. ಹೂವಿನ ಆಕಾರದ್ದು ಇತ್ತು, ಐದು ಕೆಂಪು ಹರಳು. ಜೈತುನಬಿ ಅದನ್ನೇ ತಗೋ ಅಂದಳು. ಹಿಡಿದು ನೋಡಿದರೆ ಯಾರದೋ ಮದುವೆಗೆ ಹೊರಟ ಹಾಗೆ ಕಂಡೆ. ಸಣ್ಣ ಬಂಗಾರದ ಉಂಗುರ ಇತ್ತು, ಅದು ಹುಡುಗಿಯರಿಗೆ. ಕೊನೆಗೆ ಒಂದೇ ಬಿಳಿ ಹರಳಿನದು, ಸಾಸಿವೆಗಿಂತ ದೊಡ್ಡದು, ಜೋಳದ ಕಾಳಿಗಿಂತ ಸಣ್ಣದು. ಅದನ್ನು ಎಡಗಡೆ ಹಿಡಿದಾಗ ಕನ್ನಡಿಯಲ್ಲಿ ಮೊದಲು ಕಂಡವಳು ನಾನು. ಆಮೇಲೆ ಹರಳು. ಜೈತುನಬಿ ತನ್ನ ಕೆಂಪು ಹೂವನ್ನು ತಟ್ಟೆಯಲ್ಲಿಟ್ಟು, "ಇದ ಚಲೋ ಬಿಡು," ಅಂದಳು.

ಬಲಗಡೆ ಗಂಟು ಇದ್ದದ್ದರಿಂದ ಅಲ್ಲಿ ಚುಚ್ಚುವ ಹಾಗೇ ಇರಲಿಲ್ಲ. ಚುಚ್ಚುವ ಹಾಗಿದ್ದಿದ್ದರೂ ನಾನು ಎಡಕ್ಕೇ ಚುಚ್ಚಿಸುತ್ತಿದ್ದೆ. ಪತ್ತಾರ ಮಸಿಯಿಂದ ಚುಕ್ಕಿ ಇಟ್ಟ. ಕೆಳಗಾಯಿತು, ಸ್ವಲ್ಪ ಮೇಲಿಡು ಅಂದೆ. ಮತ್ತೆ ಒರೆಸಿ ಇಟ್ಟ. ಇನ್ನೂ ಒಂಚೂರು ಹಿಂದಕ್ಕೆ ಅಂದೆ. "ಏನ್ ಬಾಯಾರ, ಮನಿ ಪಾಯಾ ಹಾಕಿಸಾಕತ್ತೀರೇನ್ರಿ?" ಎಂದು ತಮಾಷೆ ಮಾಡಿದ. ಮಾಡಲಿ. ಅಷ್ಟು ವರ್ಷದ ಹಿಂದೆ ಯಾರೂ ನನ್ನ ಕೈಗೆ ಕನ್ನಡಿ ಕೊಟ್ಟಿರಲಿಲ್ಲ. ಚುಚ್ಚುವಾಗ ಕಣ್ಣಲ್ಲಿ ನೀರು ಬಂತು. ಅದು ಮೂಗಿಗೆ ಬಂದ ನೀರು, ಯಾರೂ ಏನೂ ಅನ್ನಲಿಲ್ಲ.

ಊರಿಗೆ ಬಂದು ಅರಿಷಿಣ, ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಮರುದಿನ ಬಾಲವಾಡಿಯ ಮಕ್ಕಳು ಸುತ್ತ ನೆರೆದು, "ನಮ್ಮ ಸಾಲಿ ಬಾಯಾರ ಮೂಗಿನ್ಯಾಗ ಚುಕ್ಕಿ ಬಂದೈತಿ" ಎಂದು ಕುಣಿದರು. ಅವರಿಗೆ ಅದರಲ್ಲಿ ಪಾಪ ಕಾಣಿಸಲಿಲ್ಲ. ಪಾಪ ಕಾಣಿಸಿದ್ದು ನಿನ್ನ ದೊಡ್ಡಪ್ಪನಿಗೆ. ಸಂಜೆ ಕಟ್ಟೆಯ ಮೇಲೆ ಕುಳಿತು, ನಾನು ಹಾದುಹೋಗುವಾಗ ಹತ್ತು ಮಂದಿಗೆ ಕೇಳುವ ಹಾಗೆ, "ನನ್ನ ತಮ್ಮ ಗುರಪ್ಪ ಪುಣ್ಯಾ ಮಾಡಿದ್ದ, ಇದನ್ನ ನೋಡೂಕಿಂತ ಮೊದಲ ಹೋದ," ಅಂದ. ನಾನು ನಿಂತು ಹೇಳಿದೆ: "ಭಾವಾರ, ಇಕ್ಕಳ ನೋಡೂಕಿಂತ ಮೊದಲೂ ಹೋದ್ರು. ಅದೂ ಪುಣ್ಯಾನ." 

ಇನ್ನು ನಿನ್ನ ಕುಬಸದ ದಿನಕ್ಕೆ ಬರೋಣ. ಅಲ್ಲಿ ನಡೆದದ್ದನ್ನು ನೀನು ಬರೆದ ಹಾಗೆಯೇ ಎಲ್ಲರೂ ನಂಬುತ್ತಾರೆ, ಆದ್ದರಿಂದ ನನ್ನ ಕಡೆಯದನ್ನೂ ಒಮ್ಮೆ ಓದು.

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಒಂದು ಕೈಯಲ್ಲಿ ಹಸಿರು ಸೀರೆಯ ಗಂಟು, ಇನ್ನೊಂದು ಕೈಯಲ್ಲಿ ಇಂಡಿಯ ನಿಂಬೆಹಣ್ಣಿನ ಚೀಲ, ಬಗಲಲ್ಲಿ ಕರ್ಚಿಕಾಯಿ ಡಬ್ಬಿ ಹಿಡಿದು ಮುದ್ದೇಬಿಹಾಳದಲ್ಲಿ ಇಳಿದೆ. ನಿನಗೆ ಹುಳಿ ಬೇಕೆನಿಸುತ್ತದೆ ಎಂದು ಬರೆದಿದ್ದೆಯಲ್ಲ, ನಿಂಬೆಹಣ್ಣನ್ನು ನಾನೇ ಗಿಡದಿಂದ ಆರಿಸಿ ತಂದಿದ್ದೆ. ಮನೆಯ ಮುಂದೆ ಚಪ್ಪರ, ಒಳಗೆ ಹೆಂಗಸರ ಹಾಡು. ನೀನು ಪಡಸಾಲೆಯಲ್ಲಿ ಹೂವಿನ ಜಡೆ ಹಾಕಿಕೊಂಡು ಕೂತು ಹೋಳಿಗೆ ತಿನ್ನುತ್ತಿದ್ದೆ. ನನ್ನ ಕಣ್ಣು ತುಂಬಿತು. ನಿನ್ನ ಕಣ್ಣು ಮೊದಲು ಹೋದದ್ದು ನನ್ನ ಮೂಗಿಗೆ.

ನೀನು ನನ್ನ ಕೈಹಿಡಿದು ಜೋಳದ ಚೀಲಗಳ ಕೋಣೆಗೆ ಎಳೆದುಕೊಂಡು ಹೋದೆ. "ಯವ್ವಾ, ಇದೇನ ಮಾಡಿಕೊಂಡಿ? ಇವತ್ತ ಒಂದ ದಿನಾ ತಗದ ಇಡು, ನಿನ್ನ ಕಾಲ ಬೀಳತೇನಿ," ಅಂದೆ. ತೂತು ಇನ್ನೂ ಹಸಿ ಇದೆ, ತೆಗೆದರೆ ಮುಚ್ಚಿಕೊಳ್ಳುತ್ತದೆ ಎಂದು ನಾನು ಹೇಳಿದೆ. "ಮುಚ್ಚಲಿ," ಅಂದೆ ನೀನು. ನೋವಾಗುತ್ತದೆಯೇ ಎಂದು ಕೇಳಲಿಲ್ಲ. ಯಾವಾಗ ಚುಚ್ಚಿಸಿದೆ, ಯಾರ ಸಂಗಡ ಹೋಗಿದ್ದೆ, ಏನೂ ಕೇಳಲಿಲ್ಲ. ಹಂಗಾದರೆ ಸೆರಗನ್ನು ಮೂಗಿನ ತನಕ ಹೊದ್ದುಕೊಂಡು ಅಡುಗೆಮನೆಯಲ್ಲಿ ಕೂತಿರು ಅಂದೆ ನೀನು. ಅದಕ್ಕೂ ನಾನು ಒಪ್ಪಿದೆ, ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಸಲುವಾಗಿ ಒಪ್ಪಿ ಅಡುಗೆಮನೆಗೆ ಹೊರಟಿದ್ದೆ.

ಅಷ್ಟರಲ್ಲಿ ನಿನ್ನ ಮಾವ ಬಸಂತರಾಯರಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ನನ್ನನ್ನು ಕರೆಯಲಿಲ್ಲ, ನನ್ನ ಕೂಡ ಮಾತಾಡಲಿಲ್ಲ. ಚಪ್ಪರದಲ್ಲಿ ನಿಂತು ಒಳಗಿನ ಹೆಂಗಸರಿಗೆ ಕೇಳುವ ಹಾಗೆ ಹೇಳಿದರು: "ಬೀಗತಿಗೆ ಹೇಳ್ರಿ, ಅದನ್ನ ತಗದು ಒಳಗ ಇರ್ಲಿ. ಇಲ್ಲಂದ್ರ ಹೊಳ್ಳಿ ಹೋಗ್ಲಿ. ಗಂಡ ಇಲ್ಲದಾಕಿ, ಯಾರ ಸಲುವಾಗಿ ಸಿಂಗಾರ ಮಾಡಿಕೊಂಡಾಳ?"

ಹಾಡು ನಿಂತಿತು. ಅಷ್ಟು ಹೆಂಗಸರು ನನ್ನ ಕಡೆ ತಿರುಗಿದರು. ನಿನ್ನ ಅತ್ತೆ ಬಾಳಮ್ಮ ಆರತಿ ತಟ್ಟೆ ಹಿಡಿದು ಕಂಬದ ಬಳಿ ನಿಂತಿದ್ದಳು. ಅಳಿಯಂದಿರು ಚಪ್ಪರದ ಗೂಟ ನೋಡುತ್ತಿದ್ದರು. ಬಸಂತರಾಯರ ಮಾತು ನನಗೆ ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರು ಪರರು. ಆ ಪ್ರಶ್ನೆಯ ಅರ್ಥ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು, ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತು. ನಿನ್ನ ಅವ್ವನ ನಡತೆಯನ್ನು ಹತ್ತು ಮಂದಿಯ ಎದುರು ಕೇಳಿದರು. ನಾನು ನಿನ್ನ ಮುಖ ನೋಡಿದೆ. "ನಮ್ಮವ್ವ ಅಂಥಾಕಿ ಅಲ್ಲ" ಎಂದು ನೀನು ಅನ್ನುತ್ತೀ ಎಂದು ನೋಡಿದೆ. ಮೂರು ಶಬ್ದ. ಅಷ್ಟೂ ಬೇಡ, ಎದ್ದು ಬಂದು ನನ್ನ ಮಗ್ಗುಲಿಗೆ ನಿಂತಿದ್ದರೂ ಸಾಕಿತ್ತು. ನೀನು ಕಾಲಿನ ಬೆರಳು ನೋಡುತ್ತ ಕೂತೆ.

ನಾನು ಹರಳಿನ ಸಲುವಾಗಿ ಎದ್ದು ಬರಲಿಲ್ಲ ಮಹಾನಂದಾ. ನಿನ್ನ ಆ ಬಗ್ಗಿದ ತಲೆಯ ಸಲುವಾಗಿ ಎದ್ದು ಬಂದೆ.

ಸೀರೆ, ನಿಂಬೆಹಣ್ಣು, ಡಬ್ಬಿ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಬಿದ್ದೆ. ಯಾರ ಸಲುವಾಗಿ ಎಂಬ ಮಾತಿಗೆ ಉತ್ತರ ಆ ಹೊತ್ತಿಗೆ ಹೊಳೆಯಲಿಲ್ಲ. ಬಸ್ಸು ಬಾಗೇವಾಡಿ ದಾಟಿದ ಮೇಲೆ ಹೊಳೆಯಿತು. ಕಿಟಕಿಯ ಕಡೆ ಮುಖ ಮಾಡಿ, "ನನ್ನ ಸಲುವಾಗಿ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಬಾಜೂಕ ಕುಳಿತಿದ್ದ ಹೆಂಗಸು ಬೆಚ್ಚಿ, "ನನಗೇನರೆ ಅಂದ್ರೇನ್ರಿ?" ಎಂದಳು. ಇಲ್ಲವ್ವ, ನಿನಗಲ್ಲ ಎಂದೆ. ಕೇಳಿಸಿಕೊಳ್ಳಬೇಕಾದವರು ಹಿಂದೆ ಉಳಿದಿದ್ದರು.

ನಾನು ಇನ್ನೂ ಒಂದನ್ನು ಆ ದಿನ ನೋಡಿದೆ. ನಿನ್ನ ಮೂಗಿಗೆ ನತ್ತು ಹಾಕಿದ್ದಾರೆ. ಅದು ತುಟಿಯ ಮೇಲೆ ಬೀಳುತ್ತದೆ. ಹೋಳಿಗೆ ಮುರಿದು ಬಾಯಿಗಿಡುವಾಗ ಎಡಗೈಯಿಂದ ಅದನ್ನು ಎತ್ತಿ ಹಿಡಿದುಕೊಂಡು ತಿನ್ನುತ್ತೀ. ಅದು ನಿನಗೆ ಒಪ್ಪಿಲ್ಲ. ಅಗಲ ಮುಖದ ಹೆಂಗಸಿಗೆ ಆಗಿಬರುತ್ತಿತ್ತು, ನಿನ್ನದು ನನ್ನ ಮುಖ. ನಿನಗೇ ಅದು ಇಷ್ಟವಾಗಿದ್ದರೆ ನಾನು ಹೇಳಿದ್ದನ್ನು ಬಿಟ್ಟುಬಿಡು, ಖುಷಿಯಿಂದ ಹಾಕಿಕೋ. ಆದರೆ ಇಷ್ಟವೋ ಇಲ್ಲವೋ ಎಂದು ನಿನ್ನನ್ನು ಯಾರಾದರೂ ಕೇಳಿದ್ದಾರೇನು? ನೀನಾದರೂ ನಿನ್ನನ್ನು ಕೇಳಿಕೊಂಡಿದ್ದೀಯೇನು?

ಕುಬಸ ಮುಗಿದ ವಾರವೇ ನಿನ್ನ ದೊಡ್ಡಪ್ಪ ಇಂಡಿಗೆ ಹೋಗಿ, ಇಂಥ ನಡತೆಯ ಹೆಂಗಸು ಮಕ್ಕಳಿಗೆ ಕಲಿಸಬಾರದು, ಬಾಲವಾಡಿಯಿಂದ ತೆಗೆಯಿರಿ ಎಂದು ಅರ್ಜಿ ಕೊಟ್ಟ. ಮೇಲ್ವಿಚಾರಕಿಯವರು ತಪಾಸಣೆಗೆ ಬಂದರು. ಅದೊಂದೇ ನನ್ನ ಅನ್ನದ ದಾರಿ. ಅವರು ಮಕ್ಕಳ ಉಗುರು ನೋಡಿದರು, ಹಾಡು ಕೇಳಿದರು, ಉಪ್ಪಿಟ್ಟು ತಿಂದು ನೋಡಿದರು. ಹೋಗುವಾಗ, "ಅರ್ಜ್ಯಾಗ ಬರೇ ನಿಮ್ಮ ಮೂಗಿನ ಸುದ್ದಿ ಐತ್ರಿ, ಮಕ್ಕಳ ಸುದ್ದಿ ಒಂದ ಸಾಲೂ ಇಲ್ಲ. ನಾ ಮಕ್ಕಳನ್ನ ನೋಡಾಕ ಬಂದಾಕಿ," ಎಂದು ಹೇಳಿ ಬಸ್ಸು ಹತ್ತಿದರು. ಕೆಲಸ ಉಳಿಯಿತು. ನಿನ್ನ ದೊಡ್ಡಪ್ಪ ನನ್ನನ್ನು ಕಂಡರೆ ಓಣಿ ಬದಲಿಸುತ್ತಾನೆ. ನನಗೂ ಅದರಿಂದ ಅನುಕೂಲವೇ ಆಗಿದೆ.

ಈಗ ನಿನ್ನ ಕಡೆಯ ಪ್ರಶ್ನೆ. ನಾನು ಬೇಕೋ ಅದು ಬೇಕೋ ಎಂದು ಕೇಳಿದ್ದೀ. ಈ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಯಾವ ತಾಯಿಗೂ ಮಗಳು ಇಂಥ ಪ್ರಶ್ನೆ ಕೇಳಬಾರದು, ಇದು ನಿನ್ನದಲ್ಲ, ನಿನ್ನ ಬಾಯಿಗೆ ಬೇರೆಯವರು ಹಾಕಿದ್ದು. ನಾನು ಹರಳನ್ನು ತೆಗೆಯುವುದಿಲ್ಲ. ನಿನ್ನನ್ನೂ ಬಿಡುವುದಿಲ್ಲ. ಎರಡೂ ನನಗೆ ಬೇಕು, ಎರಡಕ್ಕೂ ನಾನು ಸಾಲುತ್ತೇನೆ.

ಬಾಣಂತನದ ಕೋಣೆಗೆ ಸುಣ್ಣ ಹಚ್ಚಿಸಿದ್ದೇನೆ. ಹೊರಸಿನ ಹುರಿ ಬಿಗಿದಿದ್ದೇನೆ. ಕಳಿಸಿದರೆ ಬಾ. ಕಳಿಸದಿದ್ದರೆ ಕೇಳು: ಜೈತುನಬಿಯ ತಂಗಿ ಗೌಸಬಿಯ ಮನೆ ನಿಮ್ಮೂರಿನ ದವಾಖಾನೆಯ ಹಿಂದಿನ ಓಣಿಯಲ್ಲಿದೆ. ಅವಳು ನನಗೊಂದು ಕೋಣೆ ಬಿಟ್ಟುಕೊಡಲು ಒಪ್ಪಿದ್ದಾಳೆ. ನಿನಗೆ ದಿನ ತುಂಬುವ ಹೊತ್ತಿಗೆ ನಾನು ರಜೆ ಹಾಕಿ ಮುದ್ದೇಬಿಹಾಳಕ್ಕೆ ಬಂದು ಅಲ್ಲಿ ಇರುತ್ತೇನೆ. ನಿಮ್ಮ ಬಾಗಿಲಿಗೆ ಬರುವುದಿಲ್ಲ, ಯಾರನ್ನೂ ಏನನ್ನೂ ಬೇಡುವುದಿಲ್ಲ. ಆದರೆ ನೀನು ನೋವು ತಿನ್ನುವಾಗ ಯವ್ವಾ ಎಂದು ಕೂಗಿದರೆ ಆ ಕೂಗು ಮುಟ್ಟುವಷ್ಟು ಹತ್ತಿರದಲ್ಲಿ ನಾನು ಇರುತ್ತೇನೆ. ಅದನ್ನು ತಡೆಯಲು ಬಸಂತರಾಯರ ಕೈಯಲ್ಲಿ ಆಗುವುದಿಲ್ಲ. ಮುದ್ದೇಬಿಹಾಳ ಅವರ ಚಪ್ಪರವಲ್ಲ.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಗೌಸಬಿ ತಂದು ನಿನ್ನ ಕೈಗೇ ಕೊಡುತ್ತಾಳೆ. ಇದನ್ನು ಬರೆಯುತ್ತ ಬರೆಯುತ್ತ ಸಿಟ್ಟು ಸ್ವಲ್ಪ ಇಳಿದಿರಬೇಕು, ಏಕೆಂದರೆ ನೀನು ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬ ಚಿಂತೆ ಈಗ ಶುರುವಾಗಿದೆ. ಹಾಲು ಬಿಡಬೇಡ. ಕಾಲು ಬಾತರೆ ದವಾಖಾನೆಗೆ ತೋರಿಸು. ನೀರಿನ ಕೊಡ ಎತ್ತಬೇಡ, ಯಾರು ಏನೆಂದರೂ ಎತ್ತಬೇಡ.

ಇನ್ನೂ ಪೂರಾ ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ
ನಿನ್ನ ಅವ್ವ,
ಸೀತವ್ವ

ತಾ. ಕ.: ಒಂದು ಸಂಗತಿಯನ್ನು ಮೇಲೆ ಬರೆಯಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಆದರೆ ನಿನ್ನ ಪತ್ರದಲ್ಲಿ ನೀನು ಅತ್ತೆಗೆ ಹೆದರುವುದನ್ನು ನೋಡಿ ಮಾತು ಮುರಿಯುತ್ತಿದ್ದೇನೆ. ಓದಿ ಈ ಹಾಳೆಯನ್ನು ಒಲೆಗೆ ಹಾಕು. ಆ ದಿನ ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ನಿನ್ನ ಅತ್ತೆ ಬಾಳಮ್ಮ ಹಿತ್ತಲ ದಾರಿಯಿಂದ ಓಡುತ್ತ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೈಯಲು ಬಂದಳೆಂದು ನಾನು ಎದ್ದು ನಿಂತೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಬಸಂತರಾಯರ ಎದೆಯಲ್ಲಿ ಕೆಟ್ಟ ರೋಗ ಕೂತಿದೆಯಂತೆ, ವಿಜಾಪುರದ ಡಾಕ್ಟರು ಹೆಚ್ಚು ದಿನ ಇಲ್ಲ ಎಂದಿದ್ದಾರಂತೆ. ಅವರಿಗೂ ಹೇಳಿಲ್ಲ, ಮಗನಿಗೂ ಹೇಳಿಲ್ಲ, ಅವಳೊಬ್ಬಳೇ ನುಂಗಿಕೊಂಡಿದ್ದಾಳೆ. "ಅವರು ಹೋದ ದಿನ ಎಲ್ಲಾರೂ ಕೂಡಿ ನನ್ನ ಮುಖಕ್ಕ ಕೈ ಹಾಕತಾರ, ಬೀಗತಿ. ಬ್ಯಾಡ ಅನ್ನು ಧೈರ್ಯ ನನಗಿಲ್ಲ. ಅವತ್ತ ನೀ ಬಂದು ನನ್ನ ಮುಂದ ನಿಂದರಬೇಕು," ಅಂದಳು. ಬರುತ್ತೇನೆ ಎಂದು ಹೇಳಿದ್ದೇನೆ. ಅವಳು ಮುಖ ತಿರುಗಿಸುವುದು ಸಿಟ್ಟಿಗಲ್ಲ, ಕಣ್ಣೀರು ನಿನಗೆ ಕಾಣಬಾರದೆಂದು. ಇವತ್ತು ಸಂಜೆ ಅವಳ ಬಳಿ ಹೋಗಿ ಕೂತುಕೋ. ತವರಿಗೆ ಕಳಿಸಿರಿ ಎಂದು ಮಾವನನ್ನಲ್ಲ, ಅವಳನ್ನು ಕೇಳು.